ಎರೆಮಣ್ಣಿಗೆ ಟೈರ್ ಇಲ್ಲ

ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ಜಿಮ್ನಿಗೆ ಐದು ಆಲ್ ಟೆರೇನ್ ಟೈರ್ ಹಾಕಿಸಿದೆ. ನಾಲ್ಕು ಕೆಳಗೆ, ಒಂದು ಹಿಂಬಾಗಿಲ ಮೇಲೆ. ನಮ್ಮ ಕಡೆ ಬಟನ್ ಟೈರ್ ಅಂತಾರಲ್ಲ, ಆ ಥರದ ದಪ್ಪ ಗಟ್ಟಿಗಳು, ಪಕ್ಕದಲ್ಲಿ ದೂರದಿಂದಲೇ ಓದಬಹುದಾದ ಬಿಳಿ ಅಕ್ಷರ. ಗಾಡಿ ಜೊತೆ ಬಂದ ಟೈರ್‌ಗಳು ಇನ್ನೂ ಹೊಸದರ ಹಾಗೇ ಇದ್ದವು. ಹತ್ತು ತಿಂಗಳು ಕಳೆದ ಮೇಲೆ ಐದನ್ನೂ ಬಿಚ್ಚಿಸಿ ಅದೇ ಹಳೇ ಟೈರ್ ವಾಪಸ್ ಹಾಕಿಸಿದೆ. ಆಫೀಸಿನ ಪಾರ್ಕಿಂಗ್‌ನಲ್ಲಿ ನೋಡಿದ ಗೆಳೆಯ ಕೇಳಿದ: "ಯಾಕೋ, ಇಎಂಐ ಭಾರ ಆಯ್ತಾ?"

ಅವನಿಗೆ ಅಲ್ಲೇ ನಿಂತು ಹೇಳೋಕಾಗದ ಉತ್ತರ ಇದು. ಬೆಂಗಳೂರಲ್ಲಿ ಥಾರ್, ಜಿಮ್ನಿ ಇಟ್ಕೊಂಡು ಆಲ್ ಟೆರೇನ್ ಟೈರ್ ಹಾಕಿಸಿರೋ ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಲ್ಲ. ಬೇಕಾಗಿಲ್ಲ ಅಂದರೆ ದಂಡ ಅಂತಷ್ಟೇ ಅಲ್ಲ, ಅದರಿಂದ ತೊಂದರೆ ಇದೆ. ಅವರ ದುಡ್ಡು, ಅವರ ಶೋಕಿ, ನಿನಗೇನು ಅಂತ ಕೇಳಬಹುದು. ಅಲಾಯ್‌ಗೆ ಕಪ್ಪು ಬಣ್ಣ ಹೊಡೆಸಿದ್ರೆ, ಮೇಲೊಂದು ಲೈಟ್ ಬಾರ್ ಕಟ್ಟಿದ್ರೆ ನಾನೂ ಸುಮ್ಮನಿರ್ತಿದ್ದೆ. ಟೈರ್ ವಿಷಯ ಹಾಗಲ್ಲ. ಇಡೀ ಗಾಡಿಯಲ್ಲಿ ನೆಲ ಮುಟ್ಟೋದು ಅದೊಂದೇ, ಅಂಗೈ ಅಗಲದ ನಾಲ್ಕು ತುಂಡು.

ಮೊದಲು ನನ್ನದೇ ಲೆಕ್ಕ ಕೊಡ್ತೀನಿ. ಬಿಇಯಲ್ಲಿ ಮೆಕ್ಯಾನಿಕಲ್ ಓದಿ ಹನ್ನೆರಡು ವರ್ಷದಿಂದ ಜಾವಾ ಬರೀತಿರೋ ಮನುಷ್ಯ ನಾನು, ಶೀಟ್ ಮಾಡೋದು ಚಟ. ಹತ್ತು ತಿಂಗಳಲ್ಲಿ ಗಾಡಿ ಓಡಿದ್ದು 11,200 ಕಿಲೋಮೀಟರ್. ಅದರಲ್ಲಿ ಡಾಂಬರು ಮತ್ತು ಕಾಂಕ್ರೀಟು ಸುಮಾರು 11,000. ಜಲ್ಲಿ, ಗರಸಿನ ದಾರಿ 180. ಹಸಿ ಮಣ್ಣು 14. ಆ ಹದಿನಾಲ್ಕಕ್ಕೋಸ್ಕರ ಉಳಿದ ಹನ್ನೊಂದು ಸಾವಿರ ಕಿಲೋಮೀಟರ್ ನಾನು ಗುಂಯ್‌ಗುಡುವ ಸದ್ದು ಕೇಳ್ಕೊಂಡು, ಪೆಟ್ರೋಲ್ ಜಾಸ್ತಿ ಸುಟ್ಟು, ಬ್ರೇಕ್ ಮೇಲೆ ಅರ್ಧ ನಂಬಿಕೆ ಇಟ್ಟು ಓಡಿಸಿದೆ. ಆ ಹದಿನಾಲ್ಕರಲ್ಲೂ ಟೈರ್ ನನ್ನ ಕೈ ಹಿಡೀಲಿಲ್ಲ ಅನ್ನೋದು ಬೇರೆ ಕಥೆ, ಅದಕ್ಕೆ ಬರ್ತೀನಿ.

ಬ್ರೇಕಿನ ಮಾತು ಮೊದಲು. ಆಲ್ ಟೆರೇನ್ ಟೈರಿನ ದೊಡ್ಡ ಸಂದುಗಳು ನಿಂತ ನೀರನ್ನೇನೋ ಆಚೆ ತಳ್ತವೆ. ಆದರೆ ಆಗಷ್ಟೇ ಮಳೆ ಹನಿದ ಹೆದ್ದಾರಿಯ ಮೇಲೆ ಇರೋದು ನಿಂತ ನೀರಲ್ಲ, ಧೂಳು, ಎಣ್ಣೆ ಬೆರೆತ ತೆಳ್ಳನೆಯ ಪೊರೆ. ಅದನ್ನ ಹರಿದು ಡಾಂಬರು ಹಿಡಿಯೋಕೆ ಮೆದು ರಬ್ಬರು ಬೇಕು, ಟ್ರೆಡ್ ಮೇಲೆ ಬ್ಲೇಡಿನಲ್ಲಿ ಸೀಳಿದಂಥ ಸಣ್ಣ ಸಣ್ಣ ಗೆರೆಗಳು ಬೇಕು, ಸೈಪ್ ಅಂತಾರೆ ಅವನ್ನ. ಆಲ್ ಟೆರೇನ್ ಟೈರಿನ ರಬ್ಬರನ್ನ ಕಲ್ಲು ಕಚ್ಚಿದ್ರೆ ಕಿತ್ತು ಬರಬಾರದು ಅಂತ ಗಡುಸಾಗಿ ಮಾಡಿರ್ತಾರೆ. ಎರಡೂ ಗುಣ ಒಂದೇ ಟೈರಿಗೆ ತುಂಬೋದು ಕಷ್ಟ, ಏನೋ ಒಂದನ್ನ ಬಿಟ್ಟುಕೊಡಬೇಕು. ನೋಡೋಕೆ ಎಷ್ಟು ಗಡುಸಾದ ಬಟನ್ ಟೈರೋ, ಸಾಮಾನ್ಯವಾಗಿ ಒದ್ದೆ ಡಾಂಬರಿನ ಮೇಲೆ ಅದು ಬಿಟ್ಟುಕೊಟ್ಟಿರೋದು ಅಷ್ಟು ಜಾಸ್ತಿ.

ಎಷ್ಟು ವ್ಯತ್ಯಾಸ ಆದೀತು? ಪಿಯುಸಿ ಫಿಸಿಕ್ಸ್ ಸಾಕು. 90 ಕಿಲೋಮೀಟರ್ ವೇಗದಲ್ಲಿದ್ದೀರಿ. ಒದ್ದೆ ರಸ್ತೆಯ ಮೇಲೆ ಒಂದು ಟೈರಿನ ಘರ್ಷಣಾಂಕ 0.6, ಇನ್ನೊಂದರದ್ದು 0.5 ಅಂತಿಟ್ಕೊಳ್ಳಿ. ಕಾಲು ಬ್ರೇಕ್ ಮುಟ್ಟಿದ ಮೇಲೆ ಮೊದಲನೇ ಗಾಡಿ 53 ಮೀಟರಿಗೆ ನಿಲ್ಲುತ್ತೆ, ಎರಡನೇದು 64ಕ್ಕೆ. ಹನ್ನೊಂದು ಮೀಟರ್ ತಾನೇ ಅನ್ನಬೇಡಿ. ಮೊದಲನೇ ಗಾಡಿ ಪೂರ್ತಿ ನಿಂತ ಜಾಗವನ್ನ ಎರಡನೇದು ದಾಟುವಾಗ ಅದರ ವೇಗ ಇನ್ನೂ 37 ಕಿಲೋಮೀಟರ್ ಇರುತ್ತೆ. ನಿಂತ ಲಾರಿಯ ಹಿಂಬದಿಗೆ 37ರಲ್ಲಿ ಹೋಗಿ ಗುದ್ದೋದು ಅಂದ್ರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮವರು ಒಂದು ಮಾತು ಹೇಳ್ತಾರೆ: "ಫೋರ್ ವೀಲ್ ಡ್ರೈವ್ ಇದೆಯಲ್ಲ ಗುರೂ." ಫೋರ್ ವೀಲ್ ಡ್ರೈವ್ ಇರೋದು ಗಾಡಿ ಹೊರಡಿಸೋಕೆ. ನಿಲ್ಲಿಸೋ ವಿಷಯಕ್ಕೆ ಬಂದ್ರೆ ನಮ್ಮ ಮಾವನ ಹಳೇ ಮಾರುತಿ 800ಕ್ಕೂ ನಾಲ್ಕು ಚಕ್ರಕ್ಕೂ ಬ್ರೇಕಿತ್ತು.

ಆಗಸ್ಟಿನಲ್ಲಿ ಊರಿಂದ ವಾಪಸ್ ಬರ್ತಾ ಶಿರಾ ಹತ್ತಿರ, ಸಂಜೆ, ಜಿಟಿಜಿಟಿ ಮಳೆ. ಸರ್ವಿಸ್ ರಸ್ತೆಯಿಂದ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಹೆದ್ದಾರಿಗೆ ಹತ್ತಿತು. ನಾನು ಬ್ರೇಕ್ ಒತ್ತಿದೆ. ಎಬಿಎಸ್ ಕಾಲಿನ ಕೆಳಗೆ ಗಡಗಡ ಅಂತಿದೆ, ಗಾಡಿ ಮಾತ್ರ ಎಮ್ಮೆ ಕೆರೆಗೆ ಇಳಿದ ಹಾಗೆ ತನ್ನ ಪಾಡಿಗೆ ತಾನು ಹೋಗ್ತಾನೇ ಇದೆ. ಎಡಕ್ಕೆ ಎಳೆದು ಮಣ್ಣಿನ ಅಂಚಿಗೆ ಇಳಿಸಿದೆ. ಹಿಂದೆ ಮಲಗಿದ್ದ ಮಗಳ ನೀರಿನ ಬಾಟಲಿ ಹಾರಿ ಬಂದು ಗೇರ್ ಪಕ್ಕ ಬಿತ್ತು. ಮಗಳು ಬೆಲ್ಟ್ ಹಾಕಿದ್ಲು, ಹೆಂಡತಿ ಹಟ ಹಿಡಿದು ಹಾಕಿಸಿದ್ದು. ಹಳೇ ಟೈರ್ ಇದ್ದಿದ್ರೆ ನಿಲ್ತಿತ್ತಾ? ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ನನ್ನ ವೇಗವೂ ಆ ಮಳೆಗೆ ಜಾಸ್ತಿಯೇ ಇತ್ತು. ಆದರೆ ಆ ರಾತ್ರಿ ತುಮಕೂರು ದಾಟೋವರೆಗೂ ಹೆಂಡತಿ ಒಂದು ಮಾತೂ ಆಡಲಿಲ್ಲ. ನಾನು ಈ ಟೈರನ್ನ ಯಾತಕ್ಕೆ ಹಾಕಿಸಿದೆ ಅಂತ ನನ್ನನ್ನೇ ಕೇಳ್ಕೊಂಡು ಬಂದೆ.

ಯಾತಕ್ಕೆ? ನಾನು ಕೊಡ್ತಿದ್ದ ಉತ್ತರ, "ನಮ್ಮೂರ ದಾರಿಗೆ". ಹಳ್ಳಿಯಿಂದ ಬಂದ ನಮ್ಮಂಥವರಿಗೆ ಇದೊಂದು ರೆಡಿಮೇಡ್ ಉತ್ತರ. ಅಂಗಡಿಯವನಿಗೂ ಅದನ್ನೇ ಹೇಳಿದ್ದೆ. ಅವನು ಯಾವ ಮಣ್ಣು, ಎಷ್ಟು ದೂರ, ಯಾವ ತಿಂಗಳು ಅಂತ ಏನೂ ಕೇಳಲಿಲ್ಲ. "ಲುಕ್ ಸಖತ್ತಾಗಿ ಬರುತ್ತೆ ಸಾರ್" ಅಂದ. ನಾನೂ ಕೇಳಬೇಕಾಗಿದ್ದನ್ನೇ ಕೇಳಿಸ್ಕೊಂಡೆ.

ನಮ್ಮೂರು ನವಲಗುಂದದ ಕಡೆ. ಎರೆ ನಾಡು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಡೋ ನೆಲ, ಎರಡು ಹದ ಮಳೆ ಬಿದ್ರೆ ಉಬ್ಬಿ ಅಂಟಾಗುತ್ತೆ. ಆ ಮಣ್ಣಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಚಪ್ಪಲಿ ಎರಡು ಕಿಲೋ ಆಗುತ್ತೆ, ಇಪ್ಪತ್ತು ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತೆ. ಮನೆಯಿಂದ ಹೊಲಕ್ಕೆ ಮೂರು ಕಿಲೋಮೀಟರ್ ಚಕ್ಕಡಿ ದಾರಿ. ಮಳೆ ಬಂದ್ರೆ ಊರಲ್ಲಿ ಯಾರೂ ಆ ದಾರಿಗೆ ಗಾಡಿ ಇಳಿಸೋದಿಲ್ಲ. ಟ್ರ್ಯಾಕ್ಟರ್ ಇದ್ದವನೂ ಇಳಿಸೋದಿಲ್ಲ. ಎರಡು ದಿನ, ಮೂರು ದಿನ ಕಾಯ್ತಾರೆ. ಮಣ್ಣು ಹದಕ್ಕೆ ಬರಲಿ ಅಂತ.

ಕಾರಹುಣ್ಣಿವೆಗೆ ಹೋದಾಗ ಮಧ್ಯಾಹ್ನ ಒಂದು ದೊಡ್ಡ ಮಳೆ ಬಂದು ನಿಂತಿತ್ತು. ಹೆಸರು ಬಿತ್ತಿದ ಹೊಲ ನೋಡಿ ಬರೋಣ ಅಂತ ನಾನು ಕೀ ತಗೊಂಡೆ. ಕಟ್ಟೆ ಮೇಲೆ ಕೂತಿದ್ದ ಅಪ್ಪ ಅಂದ್ರು: "ಹಸಿ ಐತಿ, ಎರಿ ದಾರಿಗೆ ಗಾಡಿ ಇಳಸಬ್ಯಾಡೋ ತಮ್ಮಾ." ನಾನು ನಗ್ತಾ, "ಅದಕ್ಕಂತನ ಗಾಲಿ ಹಾಕಿಸೇನಿ ಅಪ್ಪಾ" ಅಂದೆ. ಮೂವತ್ತನಾಲ್ಕು ವರ್ಷದ ಮನುಷ್ಯ ಹೇಳೋ ಮಾತಾ ಅದು!

ಅರ್ಧ ದಾರಿಯೂ ಹೋಗಲಿಲ್ಲ. ಮೊದಲ ಐವತ್ತು ಮಾರಿಗೆ ಟ್ರೆಡ್ಡಿನ ಸಂದೆಲ್ಲ ಎರೆ ತುಂಬಿ ನಾಲ್ಕು ಚಕ್ರವೂ ನಾಲ್ಕು ನುಣ್ಣನೆ ಉಂಡೆ ಆದವು. ಚಕ್ರ ತಿರುಗಿದಾಗ ಸಂದಿನ ಮಣ್ಣು ತಾನೇ ಸಿಡಿದು ಹೋಗಬೇಕು, ಬಟನ್ ಟೈರಿನ ಸೂತ್ರವೇ ಅದು. ಮರಳು, ಜಲ್ಲಿ, ಸಡಿಲ ಮಣ್ಣಾದರೆ ಹೋಗುತ್ತೆ. ಎರೆ ಹೋಗೋದಿಲ್ಲ, ಅಂಟಿದ್ದು ಅಂಟಿದ ಹಾಗೇ. ಫೋರ್ ಎಲ್ ಹಾಕಿದೆ. ನಾಲ್ಕೂ ಉಂಡೆ ಒಟ್ಟಿಗೆ ತಿರುಗಿದವು, ಅಷ್ಟೇ. ಆಮೇಲೆ ಮಡ್‌ಗಾರ್ಡ್ ಒಳಗೆ ಮಣ್ಣು ಗಿಡಿದು ಚಕ್ರ ತಿರುಗೋದೂ ನಿಂತಿತು. ಹೊಲದ ಮಧ್ಯೆ ಗಾಡಿ ಬಿಟ್ಟು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದು ಬಂದೆ. ಮೂರನೇ ದಿನ ಬಿಸಿಲು ಬಿದ್ದ ಮೇಲೆ ಕಬ್ಬಿಣದ ಸರಳಿನಿಂದ ಮಣ್ಣು ಕೆತ್ತಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ್ದಾಯ್ತು. ಊರವರು ಒಳ್ಳೆಯವರು, ನನ್ನ ಮುಂದೆ ನಗಲಿಲ್ಲ.

ಆಲ್ ಟೆರೇನ್ ಅನ್ನೋ ಹೆಸರು ಎಲ್ಲಿಂದ ಬಂತು ನೋಡಿ. ಅಮೆರಿಕದ ಬಿಎಫ್ ಗುಡ್‌ರಿಚ್ ಕಂಪನಿ 1976ರಲ್ಲಿ ಆ ಹೆಸರಿನ ರೇಡಿಯಲ್ ಟೈರ್ ತಂದು ಮೆಕ್ಸಿಕೋದ ಬಾಹಾ ಮರುಭೂಮಿಯ ರೇಸಿನಲ್ಲಿ ಓಡಿಸಿ ಹೆಸರು ಮಾಡಿತು. ಕಲ್ಲು, ಮರಳು, ಒಣ ಧೂಳು. ಅಲ್ಲಿಗೆ ಅದು ಸರಿಯಾದ ಟೈರೇ. ‘ಆಲ್’ ಅಂತ ಬರೆದ ಮಾತ್ರಕ್ಕೆ ಅದರಲ್ಲಿ ನವಲಗುಂದ ಸೇರೋದಿಲ್ಲ.

ಇಷ್ಟೇ ಆಗಿದ್ರೆ ನಗುವ ಕಥೆಯಾಗಿ ಮುಗೀತಿತ್ತು. ನನ್ನ ಚಕ್ರ ಹೋದಲ್ಲೆಲ್ಲ ಗೇಣುದ್ದ ಆಳದ ಎರಡು ಗೀರು ಬಿದ್ದಿದ್ದವು. ಎರೆಮಣ್ಣು ಹಸಿ ಇದ್ದಾಗ ಯಾವ ಆಕಾರ ಕೊಡ್ತೀರೋ ಒಣಗಿದಾಗ ಅದೇ ಆಕಾರದಲ್ಲಿ ಕಲ್ಲಾಗುತ್ತೆ. ಅಪ್ಪ ಬೇಡ ಅಂದಿದ್ದು ನಾನು ಸಿಕ್ಕಿಬೀಳ್ತೀನಿ ಅಂತ ಅಲ್ಲ, ಇದಕ್ಕೆ. ಎರಡು ವಾರ ಬಿಟ್ಟು ಫೋನಲ್ಲಿ, ಮಳೆ ಹೋಯ್ತು ಅಂತ ಹೇಳಿದಷ್ಟೇ ಸಹಜವಾಗಿ ಹೇಳಿದ್ರು: "ನಿನ್ನ ಗಾಲಿ ಹಾದಿಯೊಳಗ ಹಾಲಿನ ಕಾಕಾ ಎಕ್ಸೆಲ್ ಸಮೇತ ಬಿದ್ದಾನ. ಕೈ ಮುರದೈತಿ." ತೋಟದ ಮನೆಗಳಿಂದ ಹಾಲು ತಂದು ಡೈರಿಗೆ ಹಾಕುವ ಮನುಷ್ಯ. ಬೆಳಗಿನ ಐದು ಗಂಟೆಗೆ, ಎರಡು ಕ್ಯಾನ್ ಕಟ್ಟಿಕೊಂಡು, ಸಣ್ಣ ಚಕ್ರದ ಮೊಪೆಡ್ಡಿನಲ್ಲಿ. ಒಂದೂವರೆ ತಿಂಗಳು ಅವರಿಗೆ ದುಡಿಮೆ ಇರಲಿಲ್ಲ. ನಾನು ಆಸ್ಪತ್ರೆ ಖರ್ಚು ಕೊಟ್ಟೆ, ದಾರಿಗೆ ಎರಡು ಟ್ರೇಲರ್ ಗರಸು ಹಾಕಿಸಿದೆ. ಕಾಕಾ ಮಾತ್ರ, "ಇರಲಿ ಬಿಡಪ್ಪಾ, ನಿನಗ ಗೊತ್ತಾಗಿಲ್ಲ" ಅಂದ್ರು. ಗೊತ್ತಾಗಿತ್ತು. ಅಪ್ಪ ಹೇಳಿದ್ರಲ್ಲ.

ಮಲೆನಾಡಿನ ಗುಡ್ಡಗಳಲ್ಲಿ ನಮ್ಮ ಶನಿವಾರದ ಗುಂಪುಗಳು ಮಾಡ್ತಿರೋದೂ ಇದನ್ನೇ. ಅಲ್ಲಿ ಕಲ್ಲಾಗಿ ಉಳಿಯೋ ಬದಲು ಇಳಿಜಾರಿನ ಹುಲ್ಲುಗಾವಲಲ್ಲಿ ಚಕ್ರದ ಗೀರೇ ನೀರಿನ ಕಾಲುವೆಯಾಗಿ, ಪ್ರತಿ ಮಳೆಗೂ ಕೊರೆದು ಆಳ ಆಗುತ್ತೆ. ನಾವು ಭಾನುವಾರ ರಾತ್ರಿ ಗಾಡಿ ತೊಳೆಸಿ ಸೋಮವಾರ ಸ್ಟ್ಯಾಂಡಪ್‌ಗೆ ಕೂತಿರ್ತೀವಿ. ದಾರಿ ಅಲ್ಲೇ ಇರುತ್ತೆ, ಅದನ್ನ ದಿನಾ ತುಳಿಯೋರೂ ಅಲ್ಲೇ ಇರ್ತಾರೆ.

ಬೆಂಗಳೂರಲ್ಲೇ ಬೇಕಲ್ಲಪ್ಪ, 2022ರ ಸೆಪ್ಟೆಂಬರ್ ಮರೆತುಹೋಯ್ತಾ ಅಂತ ಕೇಳೋರೂ ಇದ್ದಾರೆ. ಮರೆತಿಲ್ಲ. ಹೊರವರ್ತುಲ ರಸ್ತೆಯ ಕಡೆ ನಮ್ಮ ಸಾಫ್ಟ್‌ವೇರ್ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋಗಿದ್ದು ಇಡೀ ದೇಶ ನೋಡಿತು. ಆದರೆ ಆ ನೀರಲ್ಲಿ ಕಾರುಗಳು ಕೆಟ್ಟು ನಿಂತಿದ್ದು ಟ್ರೆಡ್ ಸಾಲದೆ ಅಲ್ಲ. ಇಂಜಿನ್ ಗಾಳಿ ಎಳೆಯೋ ಬಾಯಿಗೆ ನೀರು ಹೋದ್ರೆ ಯಾವ ಟೈರ್ ಏನು ಮಾಡುತ್ತೆ?

ಹಾಗಂತ ಯಾರಿಗೂ ಬೇಡ ಅಂತ ನಾನು ಹೇಳ್ತಿಲ್ಲ. ಕಾಫಿ ತೋಟದ ಕಲ್ಲುದಾರಿಯಲ್ಲಿ ದಿನಾ ಓಡಾಡೋರು, ಲಡಾಖ್, ಸ್ಪಿತಿಗೆ ನಿಜವಾಗಿ ಹೋಗೋರು (ಹೋಗ್ತೀನಿ ಅಂತ ಐದು ವರ್ಷದಿಂದ ಹೇಳ್ತಿರೋರಲ್ಲ) ಹಾಕಿಸ್ಲಿ. ಚೂಪು ಕಲ್ಲು ಟೈರಿನ ಪಕ್ಕೆ ಸೀಳದೆ ಇರೋದಕ್ಕೆ ಅದು ಬೆಲೆ ಬಾಳುತ್ತೆ. ಆದರೆ ಆರಿಸುವಾಗ ಕಣ್ಣು ಬಿಳಿ ಅಕ್ಷರದ ಮೇಲಿರೋದು ಬೇಡ. ಟ್ರೆಡ್ ಬ್ಲಾಕಿನ ಮೇಲೆ ಸೈಪ್ ಗೆರೆಗಳು ಧಾರಾಳ ಇದ್ದಾವಾ ನೋಡಿ. ಅಳತೆಯ ಮುಂದಿರೋ ಲೋಡ್ ಸಂಖ್ಯೆ ನಿಮ್ಮ ಹಳೇ ಟೈರಿಗಿಂತ ಕಡಿಮೆ ಇರಬಾರದು. ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಗೋಡೌನಿನಲ್ಲಿ ಮೂರು ವರ್ಷ ಕೂತಿದ್ದನ್ನ ಡಿಸ್ಕೌಂಟ್ ಅಂತ ಕೊಟ್ರೆ ತಗೋಬೇಡಿ. ಪರ್ವತದೊಳಗೆ ಮಂಜಿನ ಹೂವಿನ ಚಿತ್ರ ತೋರಿಸಿ ಜಾಸ್ತಿ ದುಡ್ಡು ಕೇಳಿದ್ರೆ, ಅದು ಹಿಮದ ಪರೀಕ್ಷೆ ಪಾಸಾದ ಗುರುತು, ಹಾಸನಕ್ಕೆ ಹೋಗೋಕೆ ಬೇಕಿಲ್ಲ.

ಅಳತೆ ಏರಿಸೋ ಹುಚ್ಚು ಇನ್ನೊಂದು. ಜಿಮ್ನಿಗೆ ಕಂಪನಿ ಕೊಡೋದು 195/80 ಆರ್ 15, ಎತ್ತರ 693 ಮಿಲಿಮೀಟರ್. ನನ್ನ ಟೀಮಿನ ಹುಡುಗನೊಬ್ಬ 235/75 ಹಾಕಿಸಿದ್ದಾನೆ. ಎತ್ತರ 733. ಲೆಕ್ಕದ ಪ್ರಕಾರ ಮೀಟರ್ 100 ತೋರಿಸುವಾಗ ಅವನು ಹೋಗ್ತಿರೋದು ಸುಮಾರು 106ರಲ್ಲಿ. ಬ್ರೇಕ್ ಅದೇ, ಇಂಜಿನ್ ಅದೇ, ಭಾರ ಮಾತ್ರ ಪ್ರತಿ ಚಕ್ರಕ್ಕೂ ಜಾಸ್ತಿ. ಗೇರ್ ಇಳಿಸದೆ ನಂದಿ ಬೆಟ್ಟ ಹತ್ತೋದಿಲ್ಲ ಅಂತ ಅವನೇ ಬೈತಾನೆ. ಅಗಲ ಆದಷ್ಟೂ ಒಳ್ಳೇದು ಅನ್ನೋದೂ ಎಲ್ಲಾ ಕಡೆ ನಿಜ ಅಲ್ಲ. ಹಳೇ ಮಹೀಂದ್ರ ಜೀಪುಗಳು ಆರೇ ಇಂಚಿನ ಸಪೂರ ಟೈರಿನಲ್ಲಿ ತೋಟ ಸುತ್ತಿದವು. ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟೋಕೆ ಸಪೂರವೇ ಬೇಕು.

ಅಷ್ಟು ದುಡ್ಡಿದ್ರೆ ಮೊದಲು ಒಂದು ಪ್ರೆಶರ್ ಗೇಜ್, ಗಾಡಿಯಿಂದಲೇ ಓಡೋ ಒಂದು ಸಣ್ಣ ಪಂಪ್ ತಗೊಳ್ಳಿ. ಮರಳು, ಸಡಿಲ ಜಲ್ಲಿಗೆ ಇಳಿಯೋ ಮುಂಚೆ ಗಾಳಿ ಇಳಿಸಿದ್ರೆ ಟೈರ್ ಉದ್ದಕ್ಕೆ ಹರಡಿ ನೆಲ ತಬ್ಬುತ್ತೆ. ಸಾದಾ ಟೈರೂ ಆಗ ಮಾಡೋ ಕೆಲಸ ನೋಡಿ ನನಗೇ ನಂಬಿಕೆ ಬರಲಿಲ್ಲ. ವಾಪಸ್ ಡಾಂಬರಿಗೆ ಹತ್ತುವ ಮುಂಚೆ ಬಾಗಿಲ ಅಂಚಿನ ಸ್ಟಿಕ್ಕರಿನಲ್ಲಿರೋಷ್ಟು ತುಂಬಿಸಲೇಬೇಕು, ಅದನ್ನ ಮರೆತರೆ ಮತ್ತೊಂದು ಅಪಾಯ.

ಈ ಸಲ ಮುಂಗಾರಿಗೆ ಊರಿಗೆ ಹೋದಾಗ ಗಾಡಿಯನ್ನ ಡಾಂಬರು ಮುಗಿಯೋ ಕಡೆ, ಹನುಮಪ್ಪನ ಗುಡಿ ಮುಂದೆ ನಿಲ್ಲಿಸಿದೆ. ಹೊಲಕ್ಕೆ ಮೂರನೇ ದಿನ ನಡೆದು ಹೋದ್ವಿ, ಅಪ್ಪ ಮುಂದೆ, ನಾನು ಹಿಂದೆ. ಬಿಚ್ಚಿಸಿದ ಐದು ಟೈರ್ ಇನ್ನೂ ನಮ್ಮ ಬಾಲ್ಕನಿಯಲ್ಲಿ ಒಂದರ ಮೇಲೊಂದು ಕೂತಿವೆ, ಮೇಲೆ ಹೆಂಡತಿ ತುಳಸಿ ಕುಂಡ ಇಟ್ಟಿದ್ದಾಳೆ. ಕೊಳ್ಳೋಕೆ ಇಬ್ಬರು ಬಂದಿದ್ರು. ಯಾವ ದಾರಿಗೆ ಅಂತ ಕೇಳಿದೆ. ಇಬ್ಬರೂ "ನಮ್ಮೂರಿಗೆ" ಅಂದ್ರು.