ಇನ್ನೆರಡು ಓವರಿಗೆ ಟೈಮ್ ಇರಲಿಲ್ಲವೇ?

2023ರ ಜುಲೈ 22. ಢಾಕಾದ ಮೀರ್‌ಪುರದಲ್ಲಿ ಭಾರತ–ಬಾಂಗ್ಲಾದೇಶ ಮಹಿಳೆಯರ ಮೂರನೇ ಏಕದಿನ ಪಂದ್ಯ. ಸರಣಿ 1–1ರಲ್ಲಿ ನಿಂತಿತ್ತು. ಬಾಂಗ್ಲಾ 4 ವಿಕೆಟ್‌ಗೆ 225. ಭಾರತ 49.3 ಓವರಿನಲ್ಲಿ 225ಕ್ಕೇ ಆಲೌಟ್. ಸೂಪರ್ ಓವರ್ ಆಡಿಸಿ ಗೆದ್ದವರು ಯಾರು ಅಂತ ತೀರ್ಮಾನಿಸಬೇಕಿತ್ತು. ಆಡಿಸಲಿಲ್ಲ. ಯಾಕೆ? ನಿಗದಿತ ಸಮಯ ಮುಗಿದಿತ್ತಂತೆ! ಟ್ರೋಫಿಯನ್ನು ಇಬ್ಬರಿಗೂ ಹಂಚಿ ಕಳಿಸಿದರು.

ಆ ಪಂದ್ಯ ಅಂದರೆ ಹರ್ಮನ್‌ಪ್ರೀತ್ ಕೌರ್ ಸ್ಟಂಪ್‌ಗೆ ಬ್ಯಾಟ್ ಬೀಸಿದ್ದು, ಅಂಪೈರಿಂಗ್ ಬಗ್ಗೆ ಕಿಡಿಕಾರಿದ್ದು ಮಾತ್ರ ಎಲ್ಲರಿಗೂ ನೆನಪು. ಅವರಿಗೆ ಎರಡು ಪಂದ್ಯ ನಿಷೇಧವೂ ಆಯಿತು. ಇರಲಿ, ತಪ್ಪಿಗೆ ಶಿಕ್ಷೆ. ಆದರೆ ಸರಣಿಯ ತೀರ್ಮಾನವನ್ನೇ ಕೈಬಿಟ್ಟವರನ್ನು ಕೇಳಿದವರು ಯಾರು?

ಅದಕ್ಕೆ ಏಳು ತಿಂಗಳ ಮೊದಲು, 2022ರ ಡಿಸೆಂಬರ್ 11ರಂದು, ನವಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟಿ20 ಪಂದ್ಯವೂ 187–187ಕ್ಕೆ ಟೈ ಆಗಿತ್ತು. ಅಲ್ಲಿ ಸೂಪರ್ ಓವರ್ ನಡೆಯಿತು. ಭಾರತ 20 ಹೊಡೆಯಿತು, ರೇಣುಕಾ ಸಿಂಗ್ ಬೌಲಿಂಗ್‌ಗೆ ಆಸ್ಟ್ರೇಲಿಯಾ 16ಕ್ಕೆ ನಿಂತಿತು. ಜನ ಕುಣಿದಾಡಿದರು.

ಟೈ ಆದರೆ ಹಂಚಿಕೊಂಡರೆ ಏನು ನಷ್ಟ ಅನ್ನುವವರಿದ್ದಾರೆ. ನಷ್ಟವಿಲ್ಲ, ಆದರೆ ಅದನ್ನು ಟಾಸ್‌ಗೂ ಮೊದಲೇ ಹೇಳಿ. ಸೂಪರ್ ಓವರ್ ಉಂಟು ಅಂತ ಬರೆದಿಟ್ಟು, ಕೊನೆಗೆ ಗಡಿಯಾರ ತೋರಿಸಿದರೆ ಅದು ನಿಯಮವಲ್ಲ, ನೆಪ. ಮೀರ್‌ಪುರದಲ್ಲಿ ಫ್ಲಡ್‌ಲೈಟ್ ಕೂಡ ಇವೆ. ದಿನವಿಡೀ ಬಿಸಿಲಲ್ಲಿ ಆಡಿದ ಹೆಣ್ಣುಮಕ್ಕಳಿಗೆ ಇನ್ನೆರಡು ಓವರ್ ಕೊಡಲು ಏನು ಕಷ್ಟ?

ಐಸಿಸಿ, ಕ್ರಿಕೆಟ್ ಮಂಡಳಿಗಳು ಮಾಡಬೇಕಾದ್ದು ಇಷ್ಟೇ: ಮಹಿಳೆಯರ ಪಂದ್ಯದ ವೇಳಾಪಟ್ಟಿಯಲ್ಲೇ ಸೂಪರ್ ಓವರಿನ ಸಮಯ ಸೇರಿಸಿ. ಆಟ ಮುಗಿಸಬೇಕಾದವರು ಆಟಗಾರ್ತಿಯರು, ಗಡಿಯಾರವಲ್ಲ.