ಸಣ್ಣ ಉರಿಯ ಅಡುಗೆ

ಮಂಡ್ಯ, ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಭಾನುವಾರದ ಅಡುಗೆ ಎಂದರೆ ಬಾಡಿನ ಗಟ್ಟಿ ಸಾರು ಮತ್ತು ರಾಗಿ ಮುದ್ದೆ. ನಂಚಿಕೊಳ್ಳಲು ಹೆಚ್ಚಿದ ಈರುಳ್ಳಿ, ಹಿಂಡಿಕೊಳ್ಳಲು ಒಂದು ಹೋಳು ನಿಂಬೆ. ಇದಕ್ಕಿಂತ ಸರಳವಾದ ಔತಣ ಉಂಟೆ? ಆದರೆ ಸರಳವೆಂದು ಬಗೆದು ಒಲೆಯ ಮುಂದೆ ಅವಸರಪಟ್ಟವರ ತಟ್ಟೆಗೆ ಬೀಳುವುದು ರಬ್ಬರಿನಂತಹ ತುಂಡುಗಳು.

ಇದಕ್ಕೆ ಕಾರಣವಿದೆ. ಕುರಿಯ ತೊಡೆ, ಭುಜ, ಕಾಲುಗಳು ದುಡಿದ ಅಂಗಗಳು. ಅವನ್ನು ಬಿಗಿದಿರುವ ನಾರಿನಲ್ಲಿ ಕೊಲಾಜೆನ್ ಎಂಬ ಪದಾರ್ಥ ಹೇರಳ. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ದಾಟಿದ ಬಿಸಿಯಲ್ಲಿ, ತೇವದೊಡನೆ ಬಹಳ ಹೊತ್ತು ಇದ್ದರೆ ಅದು ಕರಗಿ ಜೆಲಟಿನ್ ಆಗುತ್ತದೆ. ಸಾರಿಗೆ ಮೈ ಬರುವುದು, ಉಂಡ ಬೆರಳು ಅಂಟುವುದು ಅದರಿಂದಲೇ. ಕುದಿಯುವ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಉರಿ ಹೆಚ್ಚಿಸಿದರೆ ನೀರು ಬೇಗ ಆರುವುದೇ ಹೊರತು ಮಾಂಸ ಬೇಗ ಬೇಯುವುದಿಲ್ಲ.

ಬಲ್ಲವರ ಕ್ರಮ ಹೀಗೆ. ಮೂಳೆಸಹಿತ 1 ಕಿಲೋ ಮಾಂಸಕ್ಕೆ 2 ದೊಡ್ಡ ಈರುಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಈರುಳ್ಳಿಯನ್ನು ಕೆಂಪಗೆ ಹುರಿದು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಅರಿಸಿನ, ಉಪ್ಪು, ಮಾಂಸ ಹಾಕಬೇಕು. ಮಾಂಸ ತಾನೇ ನೀರು ಬಿಡುತ್ತದೆ. ಅದು ಇಂಗಿ ತುಂಡುಗಳು ಕೆಂಪಾಗುವವರೆಗೆ ಬೇರೆ ನೀರು ಸೋಕಿಸಬಾರದು. ಆಮೇಲೆ ಮುಳುಗಿಯೂ ಮುಳುಗದಷ್ಟು ಬಿಸಿನೀರು ಎರೆದು, ಮುಚ್ಚಳವಿಟ್ಟು, ಒಂದೂವರೆ ಎರಡು ಗಂಟೆ ಸಣ್ಣ ಉರಿಯಲ್ಲಿ ಬಿಡಬೇಕು. ಕೊನೆಯ ಅರ್ಧ ಗಂಟೆಗೆ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕರಿಮೆಣಸು, ಚಕ್ಕೆ, ಲವಂಗ, ಗಸಗಸೆಗಳನ್ನು ಹುರಿದು ತೆಂಗಿನಕಾಯಿಯೊಡನೆ ನುಣ್ಣಗೆ ಅರೆದ ಖಾರ. ಎಣ್ಣೆ ಮೇಲೆ ತೇಲಿ, ಬೆರಳೊತ್ತಿದರೆ ಮಾಂಸ ಮೂಳೆಯನ್ನು ಬಿಟ್ಟರೆ ಸಾರು ಆಯಿತು.

ಅಷ್ಟರಲ್ಲಿ ಮುದ್ದೆಗೆ ಎಸರಿಡಬಹುದು. 1 ಲೋಟ ರಾಗಿ ಹಿಟ್ಟಿಗೆ 2 ಲೋಟ ನೀರು. ಕುದಿಯುವ ಎಸರಿನ ನಡುವೆ ಹಿಟ್ಟು ಸುರಿದು, ಕಲಕದೆ ಬೇಯಲು ಬಿಟ್ಟು, ಬಳಿಕ ಕೋಲಿನಿಂದ ಗಂಟಿಲ್ಲದಂತೆ ತೊಳಸಿ ಉಂಡೆ ಕಟ್ಟುವುದು. ಅಗಿಯದೆ ನುಂಗುವ ಮುದ್ದೆಗೆ ಮೈಯುಳ್ಳ ಸಾರೇ ಬೇಕು.

ಕುಕ್ಕರಿನೊಳಗೆ ಒತ್ತಡದಿಂದ ಬಿಸಿ 120 ಡಿಗ್ರಿಯವರೆಗೆ ಏರುವುದರಿಂದ ಇದೇ ಕೆಲಸ ಅರ್ಧ ಗಂಟೆಗೆ ಮುಗಿಯುತ್ತದೆ. ದುಡಿದು ದಣಿದು ಬಂದವರು ಅದನ್ನು ಹಿಡಿದರೆ ತಪ್ಪೇನು? ಮೊದಲು ಹುರಿದು, ಕೊನೆಗೆ ಮುಚ್ಚಳ ತೆರೆದು ಸಾರನ್ನು ಬತ್ತಿಸಿದರೆ ರುಚಿ ಬಹುಪಾಲು ಉಳಿದೀತು. ಆದರೆ ಬೆಂಗಳೂರಿನ ಕೆಲವು ಬಾಡಿಗೆ ಮನೆಗಳಲ್ಲಿ ಕುಕ್ಕರಿಗೆ ಇನ್ನೊಂದು ಉಪಯೋಗ ಒದಗಿದೆ. ಸಸ್ಯಾಹಾರಿಗಳಿಗೆ ಮಾತ್ರ ಮನೆ ಎಂಬ ಕರಾರು ಇರುವಲ್ಲಿ, ಎರಡು ಗಂಟೆ ಕಂಪು ಹರಡುವ ಪಾತ್ರೆಯನ್ನು ಒಲೆಯ ಮೇಲಿಡುವವರಾರು? ಕಿಟಕಿ ಮುಚ್ಚಿ, ಸೀಟಿ ಎಣಿಸಿ, ಬೇಗ ಬೇಯಿಸಿ, ಬೇಗ ಉಂಡು ಪಾತ್ರೆ ತೊಳೆದಿಡುವುದು. ಹಳ್ಳಿಯಲ್ಲಿ ನೆಂಟರನ್ನು ಕರೆದು ಬಡಿಸಿದ ಊಟವೇ ನಗರದಲ್ಲಿ ಗುಟ್ಟಿನ ಊಟ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನೆರೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮವು ಮದ್ಯ, ತಂಬಾಕುಗಳ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದಾಗ ಬಾಡೂಟಕ್ಕಾಗಿ ಒತ್ತಾಯ ಎದ್ದಿತು. ಅದು ನಾಲಗೆಯ ಚಪಲವೆಂದು ನಕ್ಕವರೂ ಉಂಟು. ಆದರೆ ತಾಯಿ ಎರಡು ಗಂಟೆ ಒಲೆ ಕಾಯ್ದು ಬಡಿಸಿದ ಅನ್ನವನ್ನು ಹೆಂಡದ ಪಕ್ಕದಲ್ಲಿ ಬರೆದರೆ ಮಕ್ಕಳಿಗೆ ನೋವಾಗದೆ ಇದ್ದೀತೆ?

ತಿನ್ನದವರಿಗೆ ಯಾರೂ ಬಡಿಸಬೇಕಾಗಿಲ್ಲ. ತಿನ್ನುವವರು ಕಿಟಕಿ ತೆರೆದಿಟ್ಟು ಬೇಯಿಸುವಂತಾದರೆ ಸಾಕು.