ಆ ನುಣುಪಾದ ಗೆರೆಯನ್ನ ಪೂರ್ತಿ ಯಾರೂ ಅಳೆದಿಲ್ಲ! | ನ್ಯೂಟ್ರಾನ್ ಸರಣಿ, ಭಾಗ 4

ಸೆಮಿನಾರ್‌ನಲ್ಲಿ ನ್ಯೂಟ್ರಾನ್ ಸ್ಪೆಕ್ಟ್ರಮ್ ಗ್ರಾಫ್ ಬಂದ್ರೆ ನಾವೆಲ್ಲ ತಲೆ ಆಡಿಸ್ತೀವಿ. ಎಡದಿಂದ ಬಲಕ್ಕೆ ಚೆಂದದ ಒಂದು ಗೆರೆ. "ಇದರಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು?" ಅಂತ ನೀವು ಯಾವತ್ತಾದ್ರೂ ಕೇಳಿದ್ದೀರಾ? ನಾನಂತೂ ಕೇಳಿರಲಿಲ್ಲ. ಇನ್ಮೇಲೆ ಕೇಳಲೇಬೇಕು ಅಂತೀನಿ.

ಮೊದಲು ವಿಧಾನ ನೋಡಿ. 👇
ನ್ಯೂಟ್ರಾನ್‌ಗೆ ವಿದ್ಯುದಾವೇಶ ಇಲ್ಲ, ಡಿಟೆಕ್ಟರ್‌ಗೆ ನೇರವಾಗಿ ಸಿಗಲ್ಲ. ಅದಕ್ಕೇ ತೆಳು ಲೋಹದ ಫಾಯಿಲ್‌ಗಳನ್ನ ಅದರ ದಾರಿಯಲ್ಲಿ ಇಡ್ತಾರೆ. ಬಡಿತಕ್ಕೆ ಕೆಲವು ಪರಮಾಣುಗಳು ವಿಕಿರಣಶೀಲ ಆಗ್ತವೆ. ಆಮೇಲೆ ಫಾಯಿಲ್ ತಂದು ಜರ್ಮೇನಿಯಂ ಡಿಟೆಕ್ಟರ್ ಮುಂದೆ ಇಟ್ಟು ಗಾಮಾ ಕಿರಣ ಎಣಿಸೋದು. ಫಾಯಿಲ್‌ಗೆ ಕರೆಂಟ್ ಬೇಡ, ವೈರ್ ಬೇಡ. ಇಕ್ಕಟ್ಟಿನ ಮೂಲೆಯಲ್ಲೂ ಇಡಬಹುದು.

ಒಂದೊಂದು ಲೋಹಕ್ಕೂ ಒಂದೊಂದು ಹೊಸ್ತಿಲು. ಚಿನ್ನ ನಿಧಾನದ ನ್ಯೂಟ್ರಾನನ್ನೂ ನುಂಗುತ್ತೆ. ಅಲ್ಯೂಮಿನಿಯಂ ಸೋಡಿಯಂ-24 ಆಗೋಕೆ ಕನಿಷ್ಠ 3.25 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಅಂದ್ರೆ ಎಂಇವಿ ಬೇಕು. ಬಿಸ್ಮತ್-209 ಇನ್ನೂ ಮಜಾ: ಬಿಸ್ಮತ್-206 ಆಗೋಕೆ ಸುಮಾರು 22.6 ಎಂಇವಿ, ಬಿಸ್ಮತ್-205 ಆಗೋಕೆ ಸುಮಾರು 29.6. ಒಂದೇ ಫಾಯಿಲ್‌ನಲ್ಲಿ ಮೆಟ್ಟಿಲುಗಳ ಸಾಲು!

ಹಾಗಾದ್ರೆ ತೊಂದರೆ ಏನು? 🤔
ಹೋಟೆಲ್ ಬಿಲ್ 400 ರೂಪಾಯಿ ಅಂದ್ಕೊಳ್ಳಿ. ದೋಸೆ 60, ಕಾಫಿ 20. ಎಷ್ಟು ದೋಸೆ ತಿಂದ್ರು? 6 ದೋಸೆ 2 ಕಾಫಿ ಇರಬಹುದು, 5 ದೋಸೆ 5 ಕಾಫಿಯೂ ಇರಬಹುದು, 4 ದೋಸೆ 8 ಕಾಫಿಯೂ ಇರಬಹುದು. ಎಲ್ಲದಕ್ಕೂ ಅದೇ ಬಿಲ್. ಫಾಯಿಲ್ ಕೊಡೋದೂ ಹೀಗೆ ಒಟ್ಟು ಮೊತ್ತ ಮಾತ್ರ. ಕೈಯಲ್ಲಿ ಹತ್ತು ಬಿಲ್, ಬೇಕಾಗಿರೋದು ನೂರು ಶಕ್ತಿ ಮಟ್ಟಗಳ ಲೆಕ್ಕ.

ಅದಕ್ಕೇ ಸ್ಯಾಂಡ್-2 ಥರದ ಪ್ರೋಗ್ರಾಂಗಳು ಮೊದಲು ಒಂದು ಊಹೆಯ ಸ್ಪೆಕ್ಟ್ರಮ್ ತಗೊಂಡು, ಬಿಲ್ ತಾಳೆ ಆಗೋವರೆಗೂ ತಿದ್ದುತ್ತವೆ. ಯಾವ ಫಾಯಿಲೂ ಸ್ಪಂದಿಸದ ಜಾಗದಲ್ಲಿ? ಊಹೆಯನ್ನ ತಿದ್ದೋಕೆ ಆಧಾರವೇ ಇರಲ್ಲ.

ಊಹೆ ತಪ್ಪು ಅಂತಿಲ್ಲ. ಒಳ್ಳೇ ಸಿಮ್ಯುಲೇಶನ್‌ನಿಂದ ಬಂದ ಊಹೆ ಗೌರವಕ್ಕೆ ಅರ್ಹ. ಅದನ್ನ ಅಳತೆ ಅಂತ ತೋರಿಸೋದು ತಪ್ಪು.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ದೊಡ್ಡ ವೇಗವರ್ಧಕಗಳ ಸುತ್ತ ಕಾಂಕ್ರೀಟ್ ಗೋಡೆಯನ್ನ ದಾಟಿ ಬರೋದು ಹೆಚ್ಚು ಶಕ್ತಿಯ ನ್ಯೂಟ್ರಾನ್‌ಗಳೇ. ಗೋಡೆ ಎಷ್ಟು ದಪ್ಪ ಇರಬೇಕು ಅನ್ನೋದು ಗ್ರಾಫಿನ ಆ ಬಲತುದಿಯ ಮೇಲೆ ನಿಂತಿದೆ. 20 ಎಂಇವಿ ದಾಟಿದ ಮೇಲೆ ನಂಬಬಹುದಾದ ದತ್ತಾಂಶ ಕಮ್ಮಿ ಆಗ್ತಾ ಹೋಗೋದೂ ಅಲ್ಲೇ. ಗೋಡೆಯ ಆಚೆ ಕೆಲಸ ಮಾಡೋರು ಮನುಷ್ಯರು.

ನಿಮ್ಮ ರಿಪೋರ್ಟ್‌ನಲ್ಲಿ ಮೂರು ಕೆಲಸ ಮಾಡಿ:
1️⃣ ಮೊದಲ ಊಹೆಯನ್ನ ಚುಕ್ಕಿ ಗೆರೆಯಲ್ಲಿ ಅದೇ ಗ್ರಾಫಿನಲ್ಲಿ ಹಾಕಿ.
2️⃣ ಪ್ರತಿ ಫಾಯಿಲ್‌ಗೂ ಅಳೆದ ಮೌಲ್ಯ, ಲೆಕ್ಕದ ಮೌಲ್ಯ ಪಕ್ಕಪಕ್ಕ ಕೊಡಿ.
3️⃣ ಊಹೆ ಬದಲಿಸಿ ಮತ್ತೆ ಓಡಿಸಿ. ಗೆರೆ ಎಲ್ಲಿ ಅಲುಗಾಡುತ್ತೋ ಅಲ್ಲಿ ದಪ್ಪ ಪಟ್ಟಿ ಬಳಿಯಿರಿ.

ಗ್ರಾಫ್ ಸ್ವಲ್ಪ ಕೊಳಕಾಗಿ ಕಾಣುತ್ತೆ, ಕಾಣಲಿ ಬಿಡಿ. "ಇಲ್ಲಿಂದ ಆಚೆ ನಮ್ಮ ಫಾಯಿಲ್ ನೋಡಿಲ್ಲ" ಅಂತ ಬರೆಯೋಕೆ ನಾಚಿಕೆ ಯಾಕೆ?

ನಿಮ್ಮ ಗ್ರಾಫ್‌ನಲ್ಲಿ ಊಹೆ ಎಷ್ಟಿದೆ? ಕಮೆಂಟ್‌ನಲ್ಲಿ ಹೇಳಿ. 💬

#ನ್ಯೂಟ್ರಾನ್‌ಸರಣಿ #ಕನ್ನಡದಲ್ಲಿವಿಜ್ಞಾನ #ಭೌತಶಾಸ್ತ್ರ